ಆಂಜಿಯೋಗ್ರಾಮ್‌ಗೆ ಮುನ್ನ ರೋಗಿಗೆ ಏನು ಹೇಳಬೇಕು?

ಆಂಜಿಯೋಗ್ರಾಮ್ ನಡೆಯುವಾಗ ರೋಗಿ ಸಾಮಾನ್ಯವಾಗಿ ಎಚ್ಚರವಾಗಿಯೇ ಇರುತ್ತಾನೆ. ಮಣಿಕಟ್ಟು ಇಲ್ಲವೇ ತೊಡೆಸಂದಿಯನ್ನಷ್ಟೇ ಮರಗಟ್ಟಿಸಿ, ಅಪಧಮನಿಯ ಮೂಲಕ ಕ್ಯಾತಿಟರ್ ಎಂಬ ತೆಳು ಕೊಳವೆಯನ್ನು ಹೃದಯದವರೆಗೆ ಒಯ್ಯುತ್ತಾರೆ. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಸಿಗ್ ಹೃದಯದ ರಕ್ತನಾಳಕ್ಕೆ ಮೊದಲ ಬಲೂನ್ ಚಿಕಿತ್ಸೆ ಮಾಡಿದ್ದೂ ಎಚ್ಚರವಿದ್ದ ರೋಗಿಗೇ. ನಿದ್ದೆಯ ಮಂಪರು ತರುವ ಔಷಧ ಸ್ವಲ್ಪ ನೆರವಾದೀತು. ಉಳಿದದ್ದನ್ನು ಮಾತೇ ಮಾಡಬೇಕು.

ಆತಂಕದಿಂದ ಅಡ್ರಿನಲಿನ್ ಏರುತ್ತದೆ, ನಾಡಿ ಮತ್ತು ರಕ್ತದೊತ್ತಡ ಹೆಚ್ಚುತ್ತವೆ. ಮೊದಲೇ ರಕ್ತ ಸಾಲದ ಹೃದಯಕ್ಕೆ ಇದು ಹೆಚ್ಚಿನ ಹೊರೆ. ಮಣಿಕಟ್ಟಿನ ಅಪಧಮನಿ ಸೆಟೆದುಕೊಂಡು ಕ್ಯಾತಿಟರ್ ಮುಂದೆ ಸಾಗದಿರುವುದೂ ಉಂಟು. ಸ್ಪೀಲ್‌ಬರ್ಗರ್ ಮಾಪಕ 20 ಹೇಳಿಕೆಗಳ ಮೂಲಕ ಆ ಹೊತ್ತಿನ ಆತಂಕವನ್ನು 20ರಿಂದ 80ರವರೆಗಿನ ಅಂಕದಲ್ಲಿ ಅಳೆಯುತ್ತದೆ. ರೋಗಿ ಯಾವುದಕ್ಕೆ ಹೆದರಿದ್ದಾನೆ ಎಂಬುದು ಆ ಅಂಕದಿಂದ ತಿಳಿಯದು, ಕೇಳಿಯೇ ತಿಳಿಯಬೇಕು.

1964ರಲ್ಲಿ ಎಗ್ಬರ್ಟ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಸೇರಿದ 97 ರೋಗಿಗಳ ಕುರಿತದ್ದು. ನೋವು ಎಲ್ಲಿ, ಹೇಗೆ ಬರುತ್ತದೆ, ಆಗ ಮೈ ಹೇಗೆ ಸಡಿಲಿಸಬೇಕು ಎಂದು ಮೊದಲೇ ತಿಳಿದುಕೊಂಡವರಿಗೆ ನೋವುನಿವಾರಕ ಸುಮಾರು ಅರ್ಧದಷ್ಟೇ ಸಾಕಾಯಿತು. ಮುಂದೆ 1970ರ ದಶಕದಲ್ಲಿ ಶುಶ್ರೂಷಾ ಸಂಶೋಧಕಿ ಜೀನ್ ಜಾನ್ಸನ್, ವೈದ್ಯರು ಮಾಡುವ ಕೆಲಸದ ವಿವರಕ್ಕಿಂತ ರೋಗಿಯ ಮೈಗೆ ಆಗುವ ಅನುಭವದ ವಿವರ ಸಂಕಟವನ್ನು ಹೆಚ್ಚು ತಗ್ಗಿಸುತ್ತದೆಂದು ತೋರಿಸಿದರು. ಆಂಜಿಯೋಗ್ರಾಮ್ ನಡೆಯುವ ಕ್ಯಾತ್‌ಲ್ಯಾಬಿಗೆ ಈ ತಿಳಿವಳಿಕೆ ಅತ್ಯಂತ ಹತ್ತಿರದ್ದೆಂದು ನನ್ನ ನಂಬಿಕೆ.

ನಮ್ಮ ವಾರ್ಡುಗಳಲ್ಲಿ ಸಾಮಾನ್ಯವಾಗಿ ಕೇಳುವ ಮಾತು, "ಏನೂ ಆಗಲ್ಲ ಯಜಮಾನ್ರೇ, ಹೆದರ್ಬೇಡಿ." ಆದರೆ ಆಗುತ್ತದೆ. ಕೋಣೆ ತಣ್ಣಗಿರುತ್ತದೆ, ಮೇಜು ಕಿರಿದು, ಎಕ್ಸ್‌ರೇ ಯಂತ್ರ ಎದೆಯ ಹತ್ತಿರಕ್ಕೇ ಬಾಗಿ ಬರುತ್ತದೆ. ಹೃದಯದ ಕೋಣೆಗೆ ಡೈ ಬಿಟ್ಟಾಗ ಮೈಯೆಲ್ಲ ಬಿಸಿಯೇರುತ್ತದೆ. ಏನೂ ಆಗದೆಂದು ನಂಬಿ ಮಲಗಿದವನು ಆ ಬಿಸಿಯನ್ನೇ ಅಪಾಯವೆಂದು ತಿಳಿದರೆ ತಪ್ಪು ಅವನದಲ್ಲ. "ಈಗ ಡೈ ಬಿಡ್ತೀವಿ, ಮೈಯೆಲ್ಲ ಬಿಸಿಯಾಗುತ್ತೆ. ಮೂತ್ರ ಹೋದಂಗೂ ಅನ್ನಿಸಬಹುದು, ಆದ್ರೆ ಹೋಗಿರಲ್ಲ. ಸ್ವಲ್ಪ ಹೊತ್ತಿಗೆ ಸರಿಹೋಗುತ್ತೆ" ಎಂದರೆ ಅದೇ ಬಿಸಿ ನಿರೀಕ್ಷಿತವಾಗುತ್ತದೆ.

"ಅಪ್ಪನಿಗೆ ಹೇಳ್ಬೇಡಿ ಡಾಕ್ಟ್ರೇ" ಎಂದು ಮಗ ಬೇಡಿಕೊಂಡು ತಾನೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದು ಪ್ರೀತಿಯಿಂದಲೇ. ಆದರೆ ಕೂದಲು ಬೋಳಿಸಿಕೊಂಡು, ಗೌನ್ ತೊಟ್ಟು, ಡ್ರಿಪ್ ಹಾಕಿಸಿಕೊಂಡ ತಂದೆಗೆ ಏನೋ ನಡೆಯಲಿದೆಯೆಂದು ಗೊತ್ತೇ ಇರುತ್ತದೆ; ಹೇಳದೆ ಬಿಟ್ಟದ್ದನ್ನು ಅವರು ಇನ್ನೂ ಘೋರವಾಗಿ ಕಲ್ಪಿಸಿಕೊಳ್ಳುತ್ತಾರೆ. ಸಾವು, ಪಾರ್ಶ್ವವಾಯುಗಳನ್ನು ಪಟ್ಟಿಮಾಡುವ ಒಪ್ಪಿಗೆ ಪತ್ರ ಕಾನೂನಿಗೆ ಅಗತ್ಯ, ಆದರೆ ಸಿದ್ಧತೆಗೆ ಅದು ಸಾಲದು.

ಹಸಿವಿನ ಮಾತೂ ಇದೆ. ಉಪವಾಸವಿಲ್ಲದೆ ಇಂಥ ಚಿಕಿತ್ಸೆ ಮಾಡಿದರೂ ತೊಡಕು ಹೆಚ್ಚುವುದಿಲ್ಲವೆಂದು 2024ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಸ್ಕಾಫ್ ಪ್ರಯೋಗ ಕಂಡುಕೊಂಡಿತು. ಸರದಿ ಮಧ್ಯಾಹ್ನಕ್ಕೆ ಜಾರಿದ ಸಕ್ಕರೆ ಕಾಯಿಲೆಯವರ ವಿಷಯದಲ್ಲಾದರೂ ಆಸ್ಪತ್ರೆಗಳು ತಮ್ಮ ಉಪವಾಸದ ನಿಯಮವನ್ನು ಮರುಪರಿಶೀಲಿಸಬೇಕು. ಇದೆಲ್ಲವನ್ನೂ ತಿಳಿಸಲು ಹಿಂದಿನ ಸಂಜೆ, ಮರುದಿನ ಕ್ಯಾತ್‌ಲ್ಯಾಬಿನಲ್ಲಿ ಜೊತೆಗಿರುವ ನರ್ಸೇ ಬಂದು, ಮಗನನ್ನೂ ಕೂರಿಸಿಕೊಂಡು, ಹತ್ತು ನಿಮಿಷ ಮಾತಾಡಿ ರೋಗಿಯ ಪ್ರಶ್ನೆಗಳಿಗೆ ಉತ್ತರಿಸುವ ಏರ್ಪಾಡನ್ನು ಇಂದಿನ ಸಿಬ್ಬಂದಿಯಿಂದಲೇ ಆರಂಭಿಸಬಹುದು.