ಕಾರಣ ಹೇಳುವ ಬಗೆ: ಮೈಸೂರಿನ ಸಂಶೋಧನೆಗಳ ಇತಿಹಾಸ

ಮನುಷ್ಯ ತನ್ನ ನಡೆಗೆ ಅಥವಾ ಇನ್ನೊಬ್ಬರ ನಡೆಗೆ ಏನು ಕಾರಣ ಕೊಡುತ್ತಾನೆ ಎಂಬುದು ಸಾಮಾಜಿಕ ಮನೋವಿಜ್ಞಾನದ ಮುಖ್ಯ ಪ್ರಶ್ನೆಗಳಲ್ಲಿ ಒಂದು. 1958ರಲ್ಲಿ ಪ್ರಕಟವಾದ ಫ್ರಿಟ್ಜ್ ಹೈಡರ್ ಅವರ ಗ್ರಂಥದಿಂದ ಈ ಅಧ್ಯಯನಕ್ಕೆ ಚೌಕಟ್ಟು ದೊರೆಯಿತು. ಕೆಲವು ಕಾರಣಗಳು ವ್ಯಕ್ತಿಯ ಸ್ವಭಾವದಲ್ಲಿರುತ್ತವೆ, ಕೆಲವು ಅವನ ಸುತ್ತಲಿನ ಸಂದರ್ಭದಲ್ಲಿರುತ್ತವೆ. ಜನ ಸ್ವಭಾವಕ್ಕೆ ಅತಿಯಾದ ತೂಕ ಕೊಟ್ಟು ಸಂದರ್ಭವನ್ನು ಕಡೆಗಣಿಸುತ್ತಾರೆ ಎಂದು ಅಮೆರಿಕದ ಪ್ರಯೋಗಗಳು ಮತ್ತೆ ಮತ್ತೆ ತೋರಿಸಿದವು. 1977ರಲ್ಲಿ ಲೀ ರಾಸ್ ಇದನ್ನು ಮೂಲಭೂತ ತಪ್ಪು ಎಂದೇ ಕರೆದರು. ಈ ತಪ್ಪು ಎಲ್ಲ ಮನುಷ್ಯರಿಗೂ ಸಹಜ ಎಂಬ ನಂಬಿಕೆಯನ್ನು ಅಲ್ಲಾಡಿಸಿದ ಬಲವಾದ ಸಾಕ್ಷ್ಯ ದೊರೆತದ್ದು ಮೈಸೂರಿನಲ್ಲಿ. ಈ ನಗರದಲ್ಲಿ ನಡೆದ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಓದಿದರೆ, ಸಂದರ್ಭವನ್ನು ಕಾರಣವಾಗಿ ಹೇಳುವುದನ್ನು ನೆಪವೆಂದೋ ತಿಳಿವಳಿಕೆಯ ಕೊರತೆಯೆಂದೋ ತಳ್ಳಿಹಾಕಲಾಗದು ಎಂಬುದು ಮನದಟ್ಟಾಗುತ್ತದೆ. ಆರೋಗ್ಯದ ವಿಷಯದಲ್ಲಂತೂ ಅದು ಸಂಶೋಧಕರು ಬರೆದಿಟ್ಟುಕೊಳ್ಳಬೇಕಾದ ಮಾಹಿತಿ.

ಮೈಸೂರಿಗೆ ಈ ವಿಷಯ ಹೊರಗಿನಿಂದ ಹಠಾತ್ತನೆ ಬಂದದ್ದಲ್ಲ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನೋವಿಜ್ಞಾನ ವಿಭಾಗ ಶುರುವಾಯಿತು. ಲಂಡನ್ನಿನಲ್ಲಿ ಮನೋವಿಜ್ಞಾನಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ ಅದನ್ನು ಕಟ್ಟಿದರು. ಇತ್ತ ಆರೋಗ್ಯದ ಕಡೆ, 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರಗಳನ್ನು ತೆರೆಯಲು ಮುಂದಾಯಿತು. ಕುಟುಂಬದ ಗಾತ್ರ ಎಂಬ ತೀರಾ ಖಾಸಗಿ ತೀರ್ಮಾನವನ್ನು ಸಾರ್ವಜನಿಕ ಆರೋಗ್ಯದ ಪ್ರಶ್ನೆಯಾಗಿ ನೋಡುವ ಧೈರ್ಯ ಆ ಕಾಲಕ್ಕೆ ಅಪರೂಪದ್ದು. ಮುಂದೆ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಜೊತೆಗೂಡಿ 1951-52ರಲ್ಲಿ ಮೈಸೂರು ರಾಜ್ಯದ ನಗರ, ಹಳ್ಳಿಗಳ ಮನೆಮನೆಗೆ ಹೋಗಿ, ಮಕ್ಕಳೆಷ್ಟಿರಬೇಕು, ಗರ್ಭನಿರೋಧದ ಬಗ್ಗೆ ಏನನ್ನಿಸುತ್ತದೆ ಎಂದು ವಿಚಾರಿಸಿದವು. ಆ ವರದಿ 1961ರಲ್ಲಿ ಹೊರಬಂತು. ಜನ ಏನನ್ನು ಬಯಸುತ್ತಾರೆ ಎಂದು ಕೇಳುವ ಪರಿಪಾಠ ಹೀಗೆ ಬೆಳೆಯಿತು. ಯಾಕೆ ಎಂಬ ಪ್ರಶ್ನೆಯನ್ನೇ ಮುಖ್ಯವಾಗಿಟ್ಟ ಅಧ್ಯಯನಕ್ಕೆ ಇನ್ನೂ ಎರಡು ದಶಕ ಕಾಯಬೇಕಾಯಿತು.

ಆ ಅಧ್ಯಯನ ಮನೋವಿಜ್ಞಾನಿ ಜೋನ್ ಮಿಲ್ಲರ್ ಅವರದು, 1984ರಲ್ಲಿ ಪ್ರಕಟವಾಯಿತು. ಷಿಕಾಗೊದ ಅಮೆರಿಕನ್ನರನ್ನೂ ಮೈಸೂರಿನ ಹಿಂದೂಗಳನ್ನೂ ಅವರು ಮಾತನಾಡಿಸಿದರು. ಎರಡೂ ಕಡೆ 8, 11 ಮತ್ತು 15 ವರ್ಷದ ಮಕ್ಕಳಿದ್ದರು, ವಯಸ್ಕರಿದ್ದರು. ಪರಿಚಯದವರು ಮಾಡಿದ ಒಳ್ಳೆಯ ಕೆಲಸವನ್ನೂ ಕೆಟ್ಟ ಕೆಲಸವನ್ನೂ ವಿವರಿಸಿ, ಅವರು ಯಾಕೆ ಹಾಗೆ ಮಾಡಿದರು ಹೇಳಿ ಎಂಬುದಷ್ಟೇ ಕೋರಿಕೆ. ಮೈಸೂರಿನ ಒಬ್ಬರು ಹೇಳಿದ ಘಟನೆ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ವಕೀಲರೊಬ್ಬರು ಮೋಟಾರ್ ಸೈಕಲ್ಲಿನಲ್ಲಿ ಇನ್ನೊಬ್ಬರನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದಾಗ ಚಕ್ರ ಸಿಡಿಯಿತು. ಹಿಂದೆ ಕೂತವರ ತಲೆಗೆ ಪೆಟ್ಟಾಯಿತು. ವಕೀಲರು ಅವರನ್ನು ಆಸ್ಪತ್ರೆಗೆ ಸೇರಿಸಿ, ಪೆಟ್ಟು ಎಷ್ಟು ಗಂಭೀರ ಎಂದು ವೈದ್ಯರನ್ನು ವಿಚಾರಿಸದೆ ಕೋರ್ಟಿಗೆ ಹೊರಟುಹೋದರು. ಗಾಯಾಳು ತೀರಿಕೊಂಡರು. ಮೈಸೂರಿನವರು ಕೊಟ್ಟ ಕಾರಣಗಳು ಹೀಗಿದ್ದವು: ಕಕ್ಷಿದಾರನ ಪರವಾಗಿ ಕೋರ್ಟಿನಲ್ಲಿ ಹಾಜರಿರುವುದು ವಕೀಲನ ಕರ್ತವ್ಯ, ಆ ಗಳಿಗೆಯಲ್ಲಿ ಗಾಬರಿಯಾಗಿರಬಹುದು, ಗಾಯ ಅಷ್ಟು ದೊಡ್ಡದೆಂದು ಮೇಲ್ನೋಟಕ್ಕೆ ಕಂಡಿರಲಿಕ್ಕಿಲ್ಲ. ಇಂಥವೇ ಘಟನೆಗಳನ್ನು ಅಮೆರಿಕನ್ನರ ಮುಂದಿಟ್ಟಾಗ ಅವರು ಬೊಟ್ಟು ಮಾಡಿದ್ದು ವ್ಯಕ್ತಿಯ ಬೇಜವಾಬ್ದಾರಿತನದಂಥ ಗುಣದ ಕಡೆಗೆ. ಒಟ್ಟು ಉತ್ತರಗಳಲ್ಲಿ ಅಮೆರಿಕದ ವಯಸ್ಕರು ಸುಮಾರು 40% ಕಾರಣಗಳನ್ನು ಸ್ವಭಾವದಲ್ಲಿ ಕಂಡರೆ, ಮೈಸೂರಿನವರಲ್ಲಿ ಆ ಪಾಲು 20%ಕ್ಕಿಂತ ಕಡಿಮೆ. ಸಂದರ್ಭದ ಲೆಕ್ಕದಲ್ಲಿ ಚಿತ್ರ ಹೆಚ್ಚುಕಡಿಮೆ ತಿರುವುಮುರುವಾಗಿತ್ತು.

ಅಮೂರ್ತವಾಗಿ ಯೋಚಿಸಲು ಬಾರದವರು ಸಂದರ್ಭಕ್ಕೆ ಅಂಟಿಕೊಳ್ಳುತ್ತಾರೆ ಎಂಬ ಹಳೆಯ ಆಕ್ಷೇಪಕ್ಕೆ ಉತ್ತರ ಈ ಅಧ್ಯಯನದಲ್ಲೇ ಇದೆ. ಎಂಟು ವರ್ಷದ ಮಕ್ಕಳಲ್ಲಿ ಎರಡು ಊರುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ವಯಸ್ಸು ಏರಿದಂತೆ ಷಿಕಾಗೊದವರು ಸ್ವಭಾವದತ್ತ ವಾಲಿದರು, ಮೈಸೂರಿನವರು ಸಂದರ್ಭದತ್ತ ವಾಲಿದರು. ಬುದ್ಧಿ ಬಲಿಯದ್ದೇ ಕಾರಣವಾಗಿದ್ದರೆ ಮೈಸೂರಿನ ವಯಸ್ಕರು ಮಕ್ಕಳಂತೆಯೇ ಉಳಿಯಬೇಕಿತ್ತು. ಅವರು ಬೆಳೆದರು, ಆದರೆ ಬೇರೊಂದು ದಿಕ್ಕಿಗೆ. ಅಂದರೆ ಸಂದರ್ಭವನ್ನು ಲೆಕ್ಕಕ್ಕೆ ಹಿಡಿಯುವುದು ಹಿರಿಯರಿಂದ, ನೆರೆಹೊರೆಯಿಂದ ಕಲಿತ ಒಂದು ಪಾಂಡಿತ್ಯ. ಮೈಸೂರಿನಲ್ಲೇ ಹುಟ್ಟಿ ಬೆಳೆದ ಕವಿ, ವಿದ್ವಾಂಸ ಎ.ಕೆ. ರಾಮಾನುಜನ್ 1989ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಭಾರತೀಯ ಚಿಂತನೆ ಸಂದರ್ಭಕ್ಕೆ ಮಿಡಿಯುವಂಥದ್ದು ಎಂದು ವಾದಿಸಿದ್ದನ್ನು ಇದರ ಪಕ್ಕದಲ್ಲಿಟ್ಟು ಓದಬಹುದು. ಅವರು ಸಾಹಿತ್ಯ, ಶಾಸ್ತ್ರಗಳಿಂದ ತಲುಪಿದ ನಿಲುವಿಗೆ ಮಿಲ್ಲರ್ ಸಂದರ್ಶನಗಳಿಂದ ಹತ್ತಿರ ಬಂದಿದ್ದರು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಜನ ಕೊಡುವ ಕಾರಣವೇ ನಿಜವಾದ ಕಾರಣವೆಂದು ನಂಬುವುದು ಹೇಗೆ? ತಮ್ಮ ತೀರ್ಮಾನದ ಮೂಲ ಜನರಿಗೇ ತಿಳಿದಿರುವುದಿಲ್ಲ ಎಂದು ಮನೋವಿಜ್ಞಾನಿಗಳಾದ ನಿಸ್ಬೆಟ್ ಮತ್ತು ವಿಲ್ಸನ್ 1977ರಲ್ಲೇ ವಾದಿಸಿದ್ದರು. ನಾಲ್ಕು ಜನ ಏನಂದಾರು ಎಂಬ ಅಳುಕಿರುವ ಕಡೆ ಕರ್ತವ್ಯದ ಹೆಸರು ಹೇಳುವುದು ಸುಲಭ, ಮನಸ್ಸಿನ ಆಸೆಯನ್ನು ಹೇಳುವುದು ಕಷ್ಟ. ಮಿಲ್ಲರ್ ಮತ್ತು ಬರ್ಸಾಫ್ ಮೈಸೂರು ಮತ್ತು ಅಮೆರಿಕದ ನ್ಯೂ ಹೇವನ್ ನಗರಗಳಲ್ಲಿ ನಡೆಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೂ ಈ ಪ್ರಶ್ನೆ ತಟ್ಟುತ್ತದೆ. ಆಪ್ತ ಗೆಳೆಯನ ಮದುವೆಗೆ ಉಂಗುರ ತಲುಪಿಸಬೇಕಾದವನು ಬೇರೆ ದಾರಿಯಿಲ್ಲದಾಗ ಅಪರಿಚಿತನ ರೈಲು ಟಿಕೆಟ್ ಕದಿಯಬಹುದೇ ಎಂಬಂಥ ಇಕ್ಕಟ್ಟುಗಳಲ್ಲಿ ಭಾರತೀಯರಲ್ಲಿ 84% ಮಂದಿ ಗೆಳೆಯನ ಋಣವನ್ನು ಎತ್ತಿಹಿಡಿದರು, ಅಮೆರಿಕನ್ನರಲ್ಲಿ 39% ಮಾತ್ರ. ಇದು ಕಾಗದದ ಮೇಲಿನ ಕಥೆಗೆ ಕೊಟ್ಟ ಉತ್ತರ. ಮನೆಯ ಸೊಸೆ, ದುಡಿಯುವ ಆಳು ಕರ್ತವ್ಯವೆಂದು ಹೇಳುವುದರ ಹಿಂದೆ ಒಪ್ಪಿಗೆಯಿದೆಯೋ ಬಲವಂತವಿದೆಯೋ ಎಂದು ಇಂಥ ಅಧ್ಯಯನ ತಿಳಿಸಲಾರದು. ಎಲಿಯಟ್ ಟುರಿಯಲ್ ಮುಂತಾದ ಮನೋವಿಜ್ಞಾನಿಗಳು ಎತ್ತಿದ ಈ ಟೀಕೆ ನ್ಯಾಯವಾದದ್ದೇ.

ಜನ ಕೊಡುವ ಕಾರಣವನ್ನು ನಂಬುವುದು ಹೇಗೆ ಎಂಬ ಪ್ರಶ್ನೆಗೆ ಸಿಗುವ ಅತ್ಯುತ್ತಮ ಉತ್ತರ ಆರೋಗ್ಯ ಕ್ಷೇತ್ರದಿಂದ ಬಂದಿದೆ. 2004ರಲ್ಲಿ ಮೈಸೂರಿನ ಲೈಂಗಿಕ ಕಾರ್ಯಕರ್ತೆಯರ ನಡುವೆ ಎಚ್‌ಐವಿ ತಡೆಯುವ ಕೆಲಸ ಆರಂಭವಾಗಿ, ಮುಂದೆ ಆಶೋದಯ ಸಮಿತಿ ಎಂಬ ಅವರದೇ ಸಂಘಟನೆಯಾಯಿತು. ಕಾಂಡೋಮ್ ಬಳಸದಿರುವುದನ್ನು ಅರಿವಿನ ಕೊರತೆ ಎಂದು ಓದುವುದು ವಾಡಿಕೆ. ಇಲ್ಲಿ ಪೊಲೀಸರ ಭಯ, ರೌಡಿಗಳ ಹೊಡೆತ, ಗಿರಾಕಿಯ ಒತ್ತಾಯಗಳನ್ನೇ ಕಾರಣವೆಂದು ಒಪ್ಪಿಕೊಂಡು ಕೆಲಸ ಕಟ್ಟಲಾಯಿತು: ಹಿಂಸೆಯಾದಾಗ ಧಾವಿಸುವ ತಂಡ, ಸೇರಿ ಕೂರಲು ಜಾಗ, ತಮ್ಮದೇ ಕ್ಲಿನಿಕ್. 2004 ಮತ್ತು 2006ರ ಎರಡು ಸಮೀಕ್ಷೆಗಳ ನಡುವೆ, ಅಪರೂಪಕ್ಕೆ ಬರುವ ಗಿರಾಕಿಗಳೊಂದಿಗೆ ಕೊನೆಯ ಬಾರಿ ಕಾಂಡೋಮ್ ಬಳಸಿದವರ ಪಾಲು 65%ರಿಂದ 90%ಕ್ಕೆ ಏರಿತು. ಇದು ಬಾಯಿಮಾತು ಎನ್ನುವವರು ಪ್ರಯೋಗಾಲಯದ ಫಲಿತಾಂಶ ನೋಡಬೇಕು: ಸಿಫಿಲಿಸ್ 25%ರಿಂದ 12%ಕ್ಕೆ, ಕ್ಲಮಿಡಿಯಾ 11%ರಿಂದ 5%ಕ್ಕೆ ಇಳಿದಿತ್ತು. ಹೋಲಿಕೆಗೆ ಬೇರೊಂದು ಗುಂಪು ಇರಲಿಲ್ಲವಾದ್ದರಿಂದ ಇಳಿಕೆಯ ಪೂರ್ತಿ ಶ್ರೇಯಸ್ಸನ್ನು ಈ ಕೆಲಸಕ್ಕೇ ಕೊಡುವಂತಿಲ್ಲ. ಎಚ್‌ಐವಿ ಪ್ರಮಾಣವೂ ಅಷ್ಟರಲ್ಲಿ ಹೆಚ್ಚು ಬದಲಾಗಿರಲಿಲ್ಲ. ಆದರೂ ಆ ಮಹಿಳೆಯರು ಹೇಳಿದ ಕಾರಣಗಳು ಬರೀ ನೆಪವಾಗಿದ್ದರೆ, ಆ ಕಾರಣಗಳ ಮೇಲೆ ಕೈಹಾಕಿದಾಗ ಸೋಂಕು ಇಷ್ಟು ಇಳಿಯುವುದನ್ನು ವಿವರಿಸುವುದು ಕಷ್ಟ.

ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಕುರಿತು ಪೂರ್ಣಿಮಾ ಮಧಿವಣನ್ ಮತ್ತು ಸಂಗಡಿಗರು ಮೈಸೂರಿನ ತಂದೆತಾಯಂದಿರೊಂದಿಗೆ ನಡೆಸಿದ ಮಾತುಕತೆಗಳೂ ಇದೇ ಕಡೆ ಕೈ ತೋರಿಸುತ್ತವೆ. ಕಾಯಿಲೆಯ ಬಗ್ಗೆ ಹೆಚ್ಚೇನೂ ತಿಳಿಯದ ಪೋಷಕರಲ್ಲೂ ಮಗಳಿಗೆ ಲಸಿಕೆ ಹಾಕಿಸುವ ಒಲವು ಕಂಡುಬಂತು. ತಿಳಿವಳಿಕೆ ಬೇಡವೆಂದು ಇದರ ಅರ್ಥವಲ್ಲ. ಅದೊಂದನ್ನೇ ಅಳೆದರೆ ತೀರ್ಮಾನದ ಹೆಚ್ಚಿನ ಪಾಲು ಕೈತಪ್ಪಿ ಹೋಗುತ್ತದೆ.

ಮಿಲ್ಲರ್ ಅವರ ಮೈಸೂರು ಮುಖ್ಯವಾಗಿ ಮಧ್ಯಮ ವರ್ಗದ ಹಿಂದೂಗಳ ಮೈಸೂರು. ಮಂಡಿ ಮೊಹಲ್ಲಾದ ಮುಸ್ಲಿಂ ಮನೆಗಳಲ್ಲಿ, ಅಶೋಕಪುರಂನ ದಲಿತ ಕುಟುಂಬಗಳಲ್ಲಿ, ಆಶೋದಯದ ಸದಸ್ಯೆಯರ ನಡುವೆ ಅದೇ ಪ್ರಶ್ನೆಯನ್ನು ಅದೇ ತಾಳ್ಮೆಯಿಂದ ಕೇಳಬೇಕು. ಲಸಿಕೆಗೆ ಮನೆಯಲ್ಲಿ ಒಪ್ಪಲಿಲ್ಲ ಎಂದು ಒಬ್ಬಾಕೆ ಹೇಳಿದರೆ, ಸಮೀಕ್ಷೆಯ ನಮೂನೆಯಲ್ಲಿ ಅದನ್ನು ಅರಿವಿನ ಕೊರತೆ ಎಂದು ಗುರುತು ಹಾಕದೆ, ಒಪ್ಪದವರು ಯಾರು, ಯಾಕೆ ಎಂದು ಸಂಶೋಧಕರು ಮುಂದಿನ ಸಾಲಿನಲ್ಲಿ ಬರೆದುಕೊಳ್ಳಲಿ.