ಪಾರಿಜಾತದ ಧ್ವನಿದಾಖಲೆ ಮತ್ತು ಮಿಕ್ಸರಿನ ಸಂಪರ್ಕಗಳು

ಇಂದಿನ ಬಬಲೇಶ್ವರ ತಾಲ್ಲೂಕನ್ನು ಒಳಗೊಂಡಿದ್ದ, 1997ರಲ್ಲಿ ಬಾಗಲಕೋಟೆ ಬೇರ್ಪಡುವವರೆಗಿನ ಅವಿಭಜಿತ ವಿಜಾಪುರ ಜಿಲ್ಲೆಯು ಶ್ರೀಕೃಷ್ಣ ಪಾರಿಜಾತದ ಮುಖ್ಯ ನೆಲೆಗಳಲ್ಲೊಂದು. ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣನು ರಂಗಕ್ಕೆ ಅಳವಡಿಸಿದ ಕಾಲದಲ್ಲಿ ಕಲಾವಿದರ ಕಂಠಬಲವೇ ಬಯಲನ್ನು ತುಂಬಬೇಕಿತ್ತು. ಧ್ವನಿವರ್ಧಕ ಬಂದ ಬಳಿಕ ಆ ಹೊಣೆಯ ಒಂದು ಪಾಲು ಮಿಕ್ಸರಿಗೆ ಸಂದಿತು.

ಮೈಕಿನ ಸಂಕೇತವು ಕೆಲವೇ ಮಿಲಿವೋಲ್ಟಿನಷ್ಟು ದುರ್ಬಲವಾದುದು. ಆದ್ದರಿಂದ ಅದು ಮೈಕ್ ಇನ್‌ಪುಟ್ ಮೂಲಕ ಒಳಬಂದು ಮೊದಲು ವರ್ಧನೆಗೊಳ್ಳುತ್ತದೆ. ಕೀಬೋರ್ಡಿನಂಥ ವಾದ್ಯದ ಪ್ರಬಲ ಸಂಕೇತವು ಲೈನ್ ಇನ್‌ಪುಟ್‌ಗೆ ಸಲ್ಲುತ್ತದೆ. ಮುಖ್ಯ ಔಟ್‌ಪುಟ್ ಆಂಪ್ಲಿಫೈಯರ್ ಮೂಲಕ ಪ್ರೇಕ್ಷಕರನ್ನೂ, ಆಕ್ಸಿಲರಿ ಔಟ್‌ಪುಟ್ ಪಾತ್ರಧಾರಿಯ ಎದುರಿನ ಮಾನಿಟರನ್ನೂ, ರೆಕಾರ್ಡಿಂಗ್ ಔಟ್‌ಪುಟ್ ಧ್ವನಿಮುದ್ರಣ ಯಂತ್ರವನ್ನೂ ತಲುಪುತ್ತದೆ.

ಸಂಶೋಧಕರು ವಿಶೇಷವಾಗಿ ಗಮನಿಸಬೇಕಾದುದು ಈ ಕೊನೆಯದನ್ನು. ಮೈಕಿಲ್ಲದ ತಾಳ, ಹಿಮ್ಮೇಳದ ಸೊಲ್ಲು, ಪ್ರೇಕ್ಷಕರ ನಗು ಇವು ಬಯಲಿನಲ್ಲಿ ಸ್ಪಷ್ಟವಾಗಿ ಕೇಳಿದರೂ, ಮುದ್ರಿಕೆಯಲ್ಲಿ ಉಳಿಯುವುದು ಅನ್ಯ ಮೈಕುಗಳು ಹಿಡಿದಷ್ಟೇ. ಇಂಥ ಮುದ್ರಿಕೆಯನ್ನೇ ಇಡೀ ಪ್ರಯೋಗವೆಂದು ಭಾವಿಸಿ, ಹಿಮ್ಮೇಳವು ಕ್ಷೀಣಿಸಿತೆಂದು ನಿರ್ಣಯಿಸುವುದು ಅವಸರದ ಮಾತಾದೀತು. ಯಾವ ಮೈಕ್ ಯಾವ ಇನ್‌ಪುಟ್‌ನಲ್ಲಿತ್ತು, ಯಾವ ಔಟ್‌ಪುಟ್‌ನಿಂದ ಮುದ್ರಿಸಲಾಯಿತು ಎಂಬ ಟಿಪ್ಪಣಿಯೂ, ಪ್ರೇಕ್ಷಕರ ನಡುವೆ ಇಟ್ಟ ಪ್ರತ್ಯೇಕ ಮೈಕಿನ ಮುದ್ರಿಕೆಯೂ ಇದ್ದಾಗ ಮಾತ್ರ ಧ್ವನಿದಾಖಲೆಯು ರಂಗಭೂಮಿಯ ಚರಿತ್ರೆಗೆ ವಿಶ್ವಾಸಾರ್ಹ ಆಕರವೆನಿಸುತ್ತದೆ.