ನೂಲಿನಂತೆ ಸೀರೆ, ಕುಡಿತವೂ ಹಾಗೆಯೇ?

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆಯನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರೇಷ್ಮೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೂಡಿನ ಬಣ್ಣ, ನೂಲಿನ ಉದ್ದ, ಹುಳುವಿನ ತಾಳಿಕೆ ಇವೆಲ್ಲ ತಳಿಯ ಗುಣಗಳೆಂಬುದು ಅವರಿಗೆ ಅನುಭವದಿಂದಲೇ ಗೊತ್ತು. ಇದೇ ತರ್ಕವನ್ನು ಮನುಷ್ಯರಿಗೂ ಹಚ್ಚುವುದುಂಟು. ಅಪ್ಪ ಕುಡುಕನಾಗಿದ್ದರೆ ಊರಿನ ಬೆರಳು ಮಗನ ಕಡೆಗೂ ತಿರುಗುತ್ತದೆ. ‘ರಕ್ತದಲ್ಲೇ ಬಂದದ್ದು, ಏನು ಮಾಡಲಾದೀತು’ ಎಂಬ ಮಾತು ಹೆಣ್ಣು ಕೊಡಲು ಹಿಂಜರಿಯುವ ಮನೆಯಲ್ಲೂ ಕೇಳಿಬರುತ್ತದೆ, ಚಿಕಿತ್ಸೆಗೆ ಕರೆದೊಯ್ಯಲು ಹಿಂಜರಿಯುವ ಮನೆಯಲ್ಲೂ ಕೇಳಿಬರುತ್ತದೆ. ಈ ಮಾತಿನಲ್ಲಿ ನಿಜವೆಷ್ಟು ಎಂಬುದನ್ನು ಅಳೆಯಲು ವಿಜ್ಞಾನಿಗಳು ಎಂಟು ದಶಕಗಳಿಂದ ಇಲಿಗಳ ಮೊರೆ ಹೊಕ್ಕಿದ್ದಾರೆ. ಅವರು ಹಿಡಿದ ದಾರಿ ರೇಷ್ಮೆ ಸೀಮೆಗೆ ಅಪರಿಚಿತವೇನಲ್ಲ.

ಜಪಾನಿನ ತೊಯಾಮಾ ಕಮೆತಾರೊ 1906ರಲ್ಲಿ, ಬಟಾಣಿ ಗಿಡಗಳಲ್ಲಿ ಮೆಂಡೆಲ್ ಕಂಡ ಆನುವಂಶಿಕ ನಿಯಮಗಳು ರೇಷ್ಮೆಹುಳುವಿಗೂ ಸಲ್ಲುತ್ತವೆ ಎಂದು ತೋರಿಸಿದರು. ಮುಂದಿನ ದಶಕದಲ್ಲಿ ಮೈಸೂರು ಸಂಸ್ಥಾನ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞರನ್ನು ಕರೆಸಿತು. ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಕೃಷಿಕ್ಷೇತ್ರ ಆರಂಭವಾಯಿತು. ಇಲ್ಲಿನ ಮೈಸೂರು ತಳಿ ಗಟ್ಟಿಜೀವ. ವರ್ಷವಿಡೀ ಬೆಳೆ ಕೊಡುತ್ತದೆ, ಆದರೆ ನೂಲು ಕಡಿಮೆ. ಹೊರಗಿನಿಂದ ಬಂದ ದ್ವಿತಳಿಯ ನೂಲು ಉದ್ದ, ದೇಹ ನಾಜೂಕು. ಮೈಸೂರು ತಳಿಯ ಹೆಣ್ಣು ಚಿಟ್ಟೆಯನ್ನೂ ದ್ವಿತಳಿಯ ಗಂಡು ಚಿಟ್ಟೆಯನ್ನೂ ಕೂಡಿಸಿ ಪಡೆದ ಮಿಶ್ರತಳಿಯ ಹಳದಿ ಗೂಡು ರಾಮನಗರದ ಮಾರುಕಟ್ಟೆಗೆ ಹೆಸರು ತಂದಿತು. ಆ ಬೆರಕೆಗೆ ಬೇಕಾದ ಶುದ್ಧ ಮೈಸೂರು ತಳಿಯನ್ನು ಬಿತ್ತನೆ ಗೂಡಿಗಾಗಿ ಕಾಪಾಡಿಕೊಂಡು ಬಂದ ಪ್ರದೇಶಗಳಲ್ಲಿ ಮಾಗಡಿ ಸೀಮೆಯೂ ಒಂದು.

ಬೇಕಾದ ಗುಣವಿರುವ ಜೀವಿಗಳನ್ನು ಆರಿಸಿ, ಅವುಗಳಿಂದಲೇ ಮರಿ ಪಡೆದು, ಮತ್ತೆ ಆರಿಸುತ್ತಾ ಹೋಗುವ ಈ ವಿಧಾನಕ್ಕೆ ತಳಿ ಆಯ್ಕೆ ಎನ್ನುತ್ತಾರೆ. ನೂಲಿನ ಉದ್ದವನ್ನು ಹೀಗೆ ಆರಿಸಬಹುದಾದರೆ ನಡತೆಯನ್ನು ಆರಿಸಲಾಗದೇ? ಕುಡಿಯುವ ಚಪಲವನ್ನು ಆರಿಸಲಾಗದೇ? ಪ್ರಯೋಗಾಲಯದ ಪ್ರಶ್ನೆ ಇಷ್ಟೇ ಸರಳವಾಗಿತ್ತು.

ಅಳತೆಗೋಲು ಇನ್ನೂ ಸರಳ. ಪಂಜರದಲ್ಲಿ ಎರಡು ಸೀಸೆ: ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಮದ್ಯಸಾರ ಬೆರೆಸಿದ ನೀರು. ಇಲಿ ಯಾವುದರಿಂದ ಎಷ್ಟು ಕುಡಿಯಿತೆಂದು ದಿನದಿನವೂ ಅಳೆಯುವುದು. ಅಮೆರಿಕದ ಕರ್ಟ್ ರಿಕ್ಟರ್ 1940ರಲ್ಲಿ ಪ್ರಕಟಿಸಿದ ಈ ಬಗೆಯ ಪ್ರಯೋಗದಲ್ಲಿ ಇಲಿಗಳು ತೆಳುವಾದ ಮದ್ಯವನ್ನು ನೀರಿಗಿಂತ ಹೆಚ್ಚು ಮೆಚ್ಚಿದವು, ಕಟುವಾದಾಗ ಬಿಟ್ಟವು.

ಚಿಲಿ ದೇಶದ ಸಾಂಟಿಯಾಗೊದಲ್ಲಿ ಹೋರ್ಹೆ ಮಾರ್ಡೋನೆಸ್ ಬೇರೊಂದು ಕುತೂಹಲದಿಂದ ಈ ಕ್ಷೇತ್ರಕ್ಕೆ ಬಂದರು. ‘ಬಿ’ ಜೀವಸತ್ವಗಳ ಕೊರತೆಯಿರುವ ಆಹಾರ ತಿಂದ ಇಲಿಗಳು ಹೆಚ್ಚು ಮದ್ಯ ಕುಡಿಯುತ್ತವೆ ಎಂಬುದನ್ನು ಅವರು 1942ರಲ್ಲಿ ವರದಿ ಮಾಡಿದ್ದರು. ಆದರೆ ಒಂದೇ ಆಹಾರ ತಿಂದ ಇಲಿಗಳೂ ಒಂದೇ ಪ್ರಮಾಣದಲ್ಲಿ ಕುಡಿಯುತ್ತಿರಲಿಲ್ಲ. 1940ರ ದಶಕದ ಕೊನೆಯಿಂದ ಅವರು ಹೆಚ್ಚು ಕುಡಿಯುವವುಗಳನ್ನು ಒಂದು ಕಡೆ, ಕುಡಿಯದವುಗಳನ್ನು ಇನ್ನೊಂದು ಕಡೆ ಮರಿ ಮಾಡಿಸುತ್ತಾ ಹೋದರು. ಹೀಗೆ ‘ಎ’ ಎಂಬ ಮದ್ಯವರ್ಜಿತ ವಂಶ ಮತ್ತು ‘ಬಿ’ ಎಂಬ ಮದ್ಯಪ್ರಿಯ ವಂಶ ರೂಪುಗೊಂಡವು. ಫಿನ್ಲೆಂಡಿನಲ್ಲಿ ಸರ್ಕಾರಿ ಮದ್ಯ ಸಂಸ್ಥೆಯಾದ ಆಲ್ಕೊದ ಪ್ರಯೋಗಾಲಯದಲ್ಲಿ ಕಾಲೆರ್ವೊ ಎರಿಕ್ಸನ್ ಇದೇ ಕೆಲಸ ಮಾಡಿ 1968ರಲ್ಲಿ ಫಲಿತಾಂಶ ಪ್ರಕಟಿಸಿದರು. 1970ರ ದಶಕದಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಮತ್ತೊಂದು ಜೋಡಿ ವಂಶಗಳನ್ನು ಬೆಳೆಸಲಾಯಿತು. ಅಲ್ಲಿನ ‘ಪಿ’ ಇಲಿ ಎನಿಸಿಕೊಳ್ಳಲು ದೇಹತೂಕದ ಒಂದು ಕಿಲೋಗೆ ದಿನಕ್ಕೆ 5 ಗ್ರಾಂಗಿಂತ ಹೆಚ್ಚು ಮದ್ಯಸಾರ ಕುಡಿಯಬೇಕು, ನೀರಿಗಿಂತ ಮದ್ಯವನ್ನು ಎರಡು ಪಟ್ಟು ಮೆಚ್ಚಬೇಕು. ಪಕ್ಕದ ಸೀಸೆಯಲ್ಲಿ ನೀರಿದ್ದರೂ ಅದು ಮದ್ಯವನ್ನೇ ಅರಸುತ್ತದೆ.

ಸುಂಡಿಲಿಗಳ ಕಥೆಯೂ ಇದೇ. ಕನಿಷ್ಠ 20 ತಲೆಮಾರು ಒಡಹುಟ್ಟಿದವುಗಳನ್ನೇ ಕೂಡಿಸಿದರೆ ಒಂದು ತಳಿಯ ಸುಂಡಿಲಿಗಳೆಲ್ಲ ಅವಳಿಗಳಂತೆ ಬಹುತೇಕ ಒಂದೇ ವಂಶವಾಹಿಗಳನ್ನು ಪಡೆಯುತ್ತವೆ. 1959ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಲ್ಡ್ ಮೆಕ್ಲರ್ನ್ ಮತ್ತು ಡೇವಿಡ್ ರಾಜರ್ಸ್ ಇಂಥ ಹಲವು ತಳಿಗಳ ಮುಂದೆ ಎರಡು ಸೀಸೆ ಇಟ್ಟರು. ‘ಸಿ57 ಬ್ಲ್ಯಾಕ್’ ಎಂಬ ಕಪ್ಪು ತಳಿ ಮದ್ಯದ ಸೀಸೆಗೇ ಅಂಟಿಕೊಂಡಿತು. ‘ಡಿಬಿಎ’ ತಳಿ ಅದರ ಹತ್ತಿರ ಸುಳಿಯಲಿಲ್ಲ. ಈ ವ್ಯತ್ಯಾಸ ಎಷ್ಟು ಗಟ್ಟಿಯೆಂದರೆ, 1999ರಲ್ಲಿ ಅಮೆರಿಕ ಮತ್ತು ಕೆನಡಾದ ಮೂರು ಊರುಗಳ ಪ್ರಯೋಗಾಲಯಗಳು ಒಂದೇ ಬಗೆಯ ಸುಂಡಿಲಿಗಳನ್ನು ಒಂದೇ ವಿಧಾನದಲ್ಲಿ ಪರೀಕ್ಷಿಸಿದಾಗ, ನಡತೆಯ ಕೆಲವು ಪರೀಕ್ಷೆಗಳ ಫಲ ಊರಿನಿಂದ ಊರಿಗೆ ಬದಲಾಯಿತು. ಮದ್ಯದ ಒಲವು ಮಾತ್ರ ಮೂರೂ ಕಡೆ ತಳಿಗೆ ತಕ್ಕಂತೆಯೇ ಇತ್ತು.

ಹಾಗಾದರೆ ಗಾದೆ ಗೆದ್ದಂತಾಯಿತೇ? ಅಷ್ಟು ಸುಲಭವಾಗಿ ಅಲ್ಲ. ಮೊದಲನೆಯದಾಗಿ, ‘ಕುಡಿತದ ವಂಶವಾಹಿ’ ಎಂಬುದೊಂದು ಎಲ್ಲಿಯೂ ಸಿಗಲಿಲ್ಲ. ಇಂಡಿಯಾನಾದ ಮದ್ಯಪ್ರಿಯ ಇಲಿಗಳ ಮಿದುಳಿನಲ್ಲಿ ಸೆರೊಟೊನಿನ್ ಎಂಬ ರಾಸಾಯನಿಕ ಕಡಿಮೆ ಇರುವುದು ಕಂಡುಬಂತು. 2013ರಲ್ಲಿ ಅದೇ ಇಲಿಗಳ ‘ಜಿಆರ್‌ಎಂ2’ ಎಂಬ ವಂಶವಾಹಿಯಲ್ಲಿ ದೋಷವೊಂದು ಪತ್ತೆಯಾಯಿತು. ಆದರೆ ಇವು ಹಲವು ಎಳೆಗಳಲ್ಲಿ ಕೆಲವು ಮಾತ್ರ. ಒಂದೊಂದು ಎಳೆಯೂ ಅಲ್ಪಸ್ವಲ್ಪ ಬಲ ಸೇರಿಸುತ್ತದೆ.

ಎರಡನೆಯದಾಗಿ, ಕುಡಿಯದ ತಳಿ ಏಕೆ ಕುಡಿಯುವುದಿಲ್ಲ ಎಂದು ಕೆದಕಿದಾಗ ಅಚ್ಚರಿ ಕಾದಿತ್ತು. ಡಿಬಿಎ ಸುಂಡಿಲಿಗೆ ಮದ್ಯವನ್ನು ಬಾಯಿಯ ಮೂಲಕವಲ್ಲದೆ ಸೂಜಿಮದ್ದಿನಂತೆ ಕೊಟ್ಟರೆ, ಅದು ಮದ್ಯ ಸಿಕ್ಕಿದ ಜಾಗವನ್ನೇ ಮತ್ತೆ ಮತ್ತೆ ಹುಡುಕಿಕೊಂಡು ಹೋಗುತ್ತದೆ. ಅದರ ಸಂಯಮಕ್ಕೆ ಮದ್ಯದ ರುಚಿ ಸೇರದಿರುವುದೂ ಒಂದು ಕಾರಣ. ಅಮಲು ಅದಕ್ಕೆ ಹಿತವೇ. ನಾಲಿಗೆಯ ತಡೆ ದಾಟಿದರೆ ಸಂಯಮಿಯೂ ಸಂಯಮಿಯಲ್ಲ.

ಮೂರನೆಯದು ಪರಿಸರ. ಮಾರ್ಡೋನೆಸ್ ಕಂಡ ಆಹಾರದ ಕೊರತೆಯನ್ನು ಮರೆಯುವಂತಿಲ್ಲ. ಕುಡಿತಕ್ಕೆ ಒಗ್ಗಿದ ಇಲಿಗೆ ಕೆಲಕಾಲ ಮದ್ಯ ತಪ್ಪಿಸಿ ಮತ್ತೆ ಕೊಟ್ಟರೆ ಅದು ಮೊದಲಿಗಿಂತ ಹೆಚ್ಚು ಕುಡಿಯುವುದನ್ನೂ ಗಮನಿಸಲಾಗಿದೆ. ಎಲ್ಲಕ್ಕಿಂತ ಸರಳವಾದ ಸತ್ಯವೆಂದರೆ, ಪಂಜರದಲ್ಲಿ ಎರಡನೆಯ ಸೀಸೆಯೇ ಇಲ್ಲದಿದ್ದರೆ ಎಂಥ ಮದ್ಯಪ್ರಿಯ ವಂಶದ ಇಲಿಯೂ ನೀರನ್ನೇ ಕುಡಿದು ಬದುಕುತ್ತದೆ. ರೇಷ್ಮೆ ಬೆಳೆಗಾರರಿಗೆ ಇದು ಹೊಸ ಮಾತಲ್ಲ. ಒಂದೇ ಕಡೆಯ ಮೊಟ್ಟೆ ಎರಡು ಮನೆಗೆ ಹೋದರೆ, ಸೊಪ್ಪು, ಶಾಖ, ತೇವಾಂಶ, ಶುಚಿತ್ವಗಳಿಗೆ ತಕ್ಕಂತೆ ಒಂದು ಮನೆಯ ಚಂದ್ರಿಕೆ ತುಂಬುತ್ತದೆ, ಇನ್ನೊಂದು ಮನೆಯ ಹುಳು ರೋಗಕ್ಕೆ ತುತ್ತಾಗುತ್ತದೆ.

ಮನುಷ್ಯರನ್ನು ಪಂಜರದಲ್ಲಿಟ್ಟು ತಳಿ ಆರಿಸಲಾಗದು. ಅದಕ್ಕೆ ಬದಲಾಗಿ ವಿಜ್ಞಾನಿಗಳು ದತ್ತು ಮಕ್ಕಳನ್ನೂ ಅವಳಿಗಳನ್ನೂ ಗಮನಿಸಿದರು. 1973ರಲ್ಲಿ ಡೊನಾಲ್ಡ್ ಗುಡ್‌ವಿನ್ ಮತ್ತು ಸಂಗಡಿಗರು ಡೆನ್ಮಾರ್ಕಿನ ದತ್ತು ಪುತ್ರರನ್ನು ಅಧ್ಯಯನ ಮಾಡಿದರು. ಹೆತ್ತವರಲ್ಲಿ ಒಬ್ಬರು ಮದ್ಯವ್ಯಸನಿಯಾಗಿದ್ದವರಲ್ಲಿ ಶೇ 18ರಷ್ಟು ಮಂದಿ, ಹಾಗಿಲ್ಲದವರಲ್ಲಿ ಶೇ 5ರಷ್ಟು ಮಂದಿ ವ್ಯಸನಿಗಳಾಗಿದ್ದರು. ಎಳವೆಯಲ್ಲೇ ಬೇರೆ ಮನೆ ಸೇರಿದ್ದರೂ ವಂಶದ ನೆರಳು ಬಿಟ್ಟಿರಲಿಲ್ಲ. ಆದರೆ ಅದೇ ಅಂಕಿಯನ್ನು ತಿರುಗಿಸಿ ಓದಬೇಕು: ವ್ಯಸನಿಗಳ ಮಕ್ಕಳಲ್ಲಿ ಶೇ 82ರಷ್ಟು ಮಂದಿ ವ್ಯಸನಿಗಳಾಗಲಿಲ್ಲ. ಮುಂದಿನ ಅವಳಿ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ, ಜನರ ನಡುವಿನ ಈ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಹೆಚ್ಚುಕಡಿಮೆ ಅರ್ಧ ಎಂಬ ತೀರ್ಮಾನ ಮೂಡಿತು.

ಬೆಂಗಳೂರಿನ ನಿಮ್ಹಾನ್ಸ್‌ ಸಂಸ್ಥೆಯಲ್ಲೂ ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲಾಯಿತು. ವಿವೇಕ್ ಬೆನಗಲ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವ್ಯಸನಿಗಳ ಹತ್ತಿರದ ಗಂಡು ಬಂಧುಗಳ ಮಿದುಳಿನ ವಿದ್ಯುತ್ ಅಲೆಯೊಂದನ್ನು ಅಳೆಯಲಾಯಿತು. ಕುಟುಂಬದಿಂದ ಬರುವ ಅಪಾಯ ಹೆಚ್ಚಿದಂತೆ ‘ಪಿ300’ ಎಂಬ ಆ ಅಲೆಯ ಎತ್ತರ ಕುಗ್ಗಿತ್ತು. ಇಲಿಯ ಪಂಜರದಲ್ಲಿ ಎದ್ದ ಪ್ರಶ್ನೆ ಹೀಗೆ ಕನ್ನಡ ನಾಡಿನ ಮನೆಗಳವರೆಗೂ ಬಂತು.

ಎರಡನೆಯ ಸೀಸೆಯ ಪ್ರಶ್ನೆ ಸರ್ಕಾರದ ಮುಂದೆಯೂ ಬಂತು. ರಾಮನಗರದ ಶಾಸಕರಾಗಿದ್ದ ಎಚ್‌.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ, 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂತು. ಈ ನಾಲ್ಕು ತಾಲ್ಲೂಕುಗಳು ಸೇರಿ ರಾಮನಗರ ಜಿಲ್ಲೆಯಾದದ್ದೂ ಅದೇ ವರ್ಷ. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರು ಬಂತು. ಸಾರಾಯಿ ಪಾಕೀಟು ಹೋಯಿತು, ಇತರ ಮದ್ಯದಂಗಡಿಗಳು ಉಳಿದವು. ಒಂದು ಸೀಸೆ ತೆಗೆದು ಇನ್ನೊಂದನ್ನು ಇಟ್ಟ ಪಂಜರದಲ್ಲಿ ಒಲವಿನ ಪರೀಕ್ಷೆ ಮುಗಿಯುವುದಿಲ್ಲ.

ಇಲಿಗೆ ಕೂಲಿಯಿಲ್ಲ, ಸಾಲವಿಲ್ಲ, ಜೊತೆಗಾರರ ಒತ್ತಾಯವಿಲ್ಲ, ಮರ್ಯಾದೆಯ ಅಂಜಿಕೆಯೂ ಇಲ್ಲ. ಆದ್ದರಿಂದ ಅದರ ಕಥೆ ಮನುಷ್ಯನ ಕಥೆಯ ಒಂದು ಭಾಗ ಮಾತ್ರ. ಆದರೂ ಅದು ಎರಡು ತಪ್ಪು ಮಾತುಗಳನ್ನು ತಿದ್ದುತ್ತದೆ. ಕುಡಿತ ಬರೀ ಮನಸ್ಸಿನ ದೌರ್ಬಲ್ಯ ಎನ್ನುವವರಿಗೆ, ಕೆಲವರಿಗೆ ಹುಟ್ಟಿನಿಂದಲೇ ಇಳಿಜಾರು ಕಡಿದಾಗಿರುತ್ತದೆ ಎಂದು ಹೇಳುತ್ತದೆ. ರಕ್ತದಲ್ಲೇ ಬಂದದ್ದು, ಬಿಡಿಸಲಾಗದು ಎನ್ನುವವರಿಗೆ, ಇಳಿಜಾರು ಇದ್ದ ಮಾತ್ರಕ್ಕೆ ಬೀಳಲೇಬೇಕೆಂದಿಲ್ಲ ಎಂದು ಹೇಳುತ್ತದೆ. ಕುಡುಕನ ಮಗನಿಗೆ ಬೇಕಾದದ್ದು ಊರಿನ ಬೆರಳಲ್ಲ; ಮೊದಲ ಲೋಟದ ಬಗ್ಗೆ ಇತರರಿಗಿಂತ ಹೆಚ್ಚಿನ ಎಚ್ಚರ ಮತ್ತು ಅಗತ್ಯ ಬಿದ್ದಾಗ ತಡಮಾಡದ ಚಿಕಿತ್ಸೆ. ನೂಲಿನಂತೆ ಸೀರೆ ನಿಜ. ಆದರೆ ನೂಲು ತಾನೇ ಸೀರೆಯಾಗುವುದಿಲ್ಲ. ನಡುವೆ ಮಗ್ಗವಿದೆ, ನೇಯುವ ಕೈಯಿದೆ.